ಆಡಿಟರ್ ಆಫೀಸಿನ ಕೇಬಲ್ ನೆಟ್‌ವರ್ಕಿಗೆ ವೈಫೈ ಸೇರ್ಸಿದ್ದು: ನನ್ನ ಅನುಭವ

ದಾವಣಗೆರೇಲಿ ಒಬ್ರು ಆಡಿಟರ್ ಆಫೀಸಿಗೆ ವೈಫೈ ಹಾಕಿಕೊಟ್ಟೆ, ಹೇಗೆ ಮಾಡ್ದೆ ಅಂತ ಬರೀತೀನಿ, ಸಣ್ಣ ಆಫೀಸು ಇರೋರಿಗೆ ಉಪಯೋಗಕ್ಕೆ ಬರುತ್ತೆ. ಅಲ್ಲಿ ಎಲ್ಲಾ ಕೇಬಲ್ಲೇ. ಬಾಗಿಲ ಹತ್ರ ಫೈಬರ್ ರೂಟರು, ಅದರಿಂದ 16 ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚು (ಒಂದು ಲೈನನ್ನ ಹಲವು ಕಂಪ್ಯೂಟರಿಗೆ ಹಂಚೋ ಡಬ್ಬಿ), ಅಲ್ಲಿಂದ ಪ್ರತಿ ಟೇಬಲ್ಲಿಗೂ ಕೇಬಲ್, ಮೂಲೇಲಿ ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರು) ಡೇಟಾ ಇರೋ ಕಂಪ್ಯೂಟರು, ಒಂದು ಪ್ರಿಂಟರು. ರೂಟರಲ್ಲೇ ವೈಫೈ ಇತ್ತು, ಆದ್ರೆ ಸಾಹೇಬ್ರ ಕ್ಯಾಬಿನ್ ಇರೋದು ಹಿಂದಿನ ಕೊನೇಲಿ, ಮಧ್ಯೆ ಎರಡು ಗೋಡೆ, ಅದರ ಜೊತೆ ಫೈಲು ಇಡೋ ಕಬ್ಬಿಣದ ಬೀರುಗಳ ಸಾಲು. ಗೋಡೇನಾದ್ರೂ ಸ್ವಲ್ಪ ಸಿಗ್ನಲ್ ಬಿಡುತ್ತೆ, ಕಬ್ಬಿಣ ಬಿಡಲ್ಲ.

"ಒಂದು ರಿಪೀಟರ್ ಚುಚ್ಚಿಬಿಡಿ ಸಾಕು" ಅಂತ ಯಾರೋ ಅವರಿಗೆ ಹೇಳಿದ್ರಂತೆ, ಅಂದ್ರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳ್ಸೋ ಡಬ್ಬಿ. ನಾನು ಬೇಡ್ವೇ ಬೇಡ ಸರ್ ಅಂದೆ. ಅಗ್ಗದ ರಿಪೀಟರು ಕೇಳೋದೂ ಅದೇ ಚಾನಲ್ಲಲ್ಲಿ (ಸಿಗ್ನಲ್ ಓಡಾಡೋ ದಾರಿ), ತಿರುಗಿ ಕಳ್ಸೋದೂ ಅದೇ ಚಾನಲ್ಲಲ್ಲಿ, ಸ್ಪೀಡು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ. ಸ್ವಿಚ್ಚಲ್ಲಿ ಖಾಲಿ ಪೋರ್ಟ್ ಇದ್ದಾಗ ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ (ಎಪಿ, ಕೇಬಲ್ಲಲ್ಲಿ ಬಂದ ನೆಟ್ಟನ್ನ ವೈಫೈ ಮಾಡಿ ಕೊಡೋ ಡಬ್ಬಿ) ಕೂರ್ಸೋದೇ ಸರಿ.

ಕ್ಯಾಟ್ 6 ಕೇಬಲ್, ಪೂರ್ತಿ ತಾಮ್ರದ್ದೇ ತರಿಸಿದೆ. ಅಲ್ಯೂಮಿನಿಯಂಗೆ ತಾಮ್ರ ಬಳಿದ ಕೇಬಲ್ಲು ಕಮ್ಮಿ ರೇಟಿಗೆ ಸಿಗುತ್ತೆ, ಆದ್ರೆ ನಾವು ಅದೇ ಕೇಬಲ್ಲಲ್ಲಿ ಎಪಿಗೆ ಕರೆಂಟೂ ಕಳ್ಸೋರು, ಅದು ಬಿಸಿ ಆಗುತ್ತೆ, ತಂತಿ ಬೇಗ ಮುರಿಯುತ್ತೆ. ತುದೀಲಿ ಒಳಗಿನ ಎಂಟು ತಂತಿಗಳನ್ನ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಈ ಕ್ರಮದಲ್ಲಿ ಎರಡೂ ಕಡೆ ಪ್ಲಗ್ಗಿಗೆ ಒತ್ತಿ ಕ್ರಿಂಪ್ ಮಾಡಿ ಟೆಸ್ಟರ್ ಹಾಕಿ ಎಂಟೂ ಲೈಟು ನೋಡಿದ ಮೇಲೇನೇ ಮುಂದಿನ ಕೆಲಸ. ಹಳೇ ಸ್ವಿಚ್ಚಲ್ಲಿ ಪಿಒಇ (ನೆಟ್‌ವರ್ಕ್ ಕೇಬಲ್ಲಲ್ಲೇ ಕರೆಂಟ್ ಕಳ್ಸೋ ಸೌಲಭ್ಯ) ಇರ್ಲಿಲ್ಲ, ಅದಕ್ಕೆ ಕೇಬಲ್ಲಿಗೆ ಕರೆಂಟ್ ಸೇರ್ಸೋ ಇಂಜೆಕ್ಟರ್ ಹಾಕ್ದೆ, ಸ್ವಿಚ್ಚು ರೂಟರು ಇಂಜೆಕ್ಟರು ಮೂರನ್ನೂ ಒಂದೇ ಯುಪಿಎಸ್‌ಗೆ ಕೊಟ್ಟೆ. ಎಪಿಯನ್ನ ಬೀರುಗಳ ಆಚೆ, ಕ್ಯಾಬಿನ್ನಿಗೂ ಹಾಲಿಗೂ ಕಾಣೋ ಹಾಗೆ ಸೀಲಿಂಗಿಗೆ ಕೂರ್ಸಿದ್ದು.

ಇನ್ನು ಸೆಟ್ಟಿಂಗು, ಜನ ಎಡವೋದು ಇಲ್ಲೇ. ಒಂದು ನೆಟ್‌ವರ್ಕಲ್ಲಿ ಐಪಿ (ಪ್ರತಿ ಕಂಪ್ಯೂಟರು, ಫೋನಿಗೂ ಕೊಡೋ ನಂಬರು) ಹಂಚೋನು ಒಬ್ನೇ ಇರ್ಬೇಕು. ರೂಟರು 192.168.1.1, ಡಿಎಚ್‌ಸಿಪಿ, ಅಂದ್ರೆ ಐಪಿ ಹಂಚೋ ಕೆಲಸ, ಅದರಲ್ಲಿ ಮಾತ್ರ, ಅದು ಹಂಚೋ ನಂಬರುಗಳಿಂದ ಆಚೆ 192.168.1.250 ಅಂತ ಎಪಿಗೆ ಫಿಕ್ಸ್ ಮಾಡ್ದೆ. ಮನೇಲಿರೋ ಹಳೇ ರೂಟರನ್ನೇ ಎಪಿ ಮಾಡೋರು ಅದರ ಡಿಎಚ್‌ಸಿಪಿ ಆಫ್ ಮಾಡಿ, ಐಪಿ ಬದಲಾಯ್ಸಿ, ಕೇಬಲ್ಲನ್ನ ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರಿಗೆ ಇರೋ ಪೋರ್ಟ್) ಹಾಕ್ಬೇಕು. ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಲೈನಿಗೆ ಇರೋದು) ಹಾಕಿದ್ರೆ ನೆಟ್ಟೇನೋ ಬರುತ್ತೆ, ಆದ್ರೆ ವೈಫೈ ಬೇರೆ ನೆಟ್‌ವರ್ಕ್ ಆಗ್ಬಿಡುತ್ತೆ, ಫೋನಲ್ಲಿ ಹುಡುಕಿದ್ರೆ ಪ್ರಿಂಟರ್ ಕಾಣ್ಸಲ್ಲ. ವೈಫೈಯ 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ ಒಂದರ ಮೇಲೊಂದು ಬೀಳದ ಚಾನಲ್ಲು ಅಂದ್ರೆ 1, 6, 11. ಅಕ್ಕಪಕ್ಕದ ಅಂಗಡಿಯವ್ರೆಲ್ಲ 6ರಲ್ಲೇ ಇದ್ರು, ನಾನು ರೂಟರಿಗೆ 1, ಎಪಿಗೆ 11 ಕೊಟ್ಟೆ. ವೈಫೈ ಭದ್ರತೆಗೆ ಡಬ್ಲ್ಯುಪಿಎ2, ಉದ್ದದ ಪಾಸ್‌ವರ್ಡು, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್ನಲ್ಲಿ ಸೇರ್ಸೋದು) ಆಫ್.

ನಾನು ಹೆಚ್ಚು ಹೊತ್ತು ಕೂತಿದ್ದು ಗೆಸ್ಟ್ ವೈಫೈಗೆ, ಅಂದ್ರೆ ಹೊರಗಿನಿಂದ ಬರೋರಿಗೆ ಅಂತ ಕೊಡೋ ವೈಫೈಗೆ. ಸೆಪ್ಟೆಂಬರ್ ಬಂತಂದ್ರೆ ಟ್ಯಾಕ್ಸ್ ಆಡಿಟ್ ಗಡಿಬಿಡಿ, ಪಾರ್ಟಿಗಳು (ಲೆಕ್ಕ ಮಾಡ್ಸೋ ವ್ಯಾಪಾರಸ್ಥರು) ಬರ್ತಾನೇ ಇರ್ತಾರೆ, ಪಾಸ್‌ವರ್ಡ್ ಕೇಳ್ತಾರೆ. ಅದೇ ನೆಟ್‌ವರ್ಕಲ್ಲಿ ಊರಿನ ಅರ್ಧ ವ್ಯಾಪಾರಸ್ಥರ ಲೆಕ್ಕ ಇದೆ! ಗೆಸ್ಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಬೇರೆ ಆಗಲ್ಲ, ಎಷ್ಟೋ ಮನೆ ರೂಟರುಗಳು ಎಪಿ ಮೋಡಲ್ಲಿ ಗೆಸ್ಟನ್ನೂ ಒಳಗಿನ ನೆಟ್‌ವರ್ಕಿಗೇ ಬಿಡ್ತವೆ. ಅದಕ್ಕೇ ಒಳಗಿನ ಐಪಿಗಳಿಗೆ ಹೋಗೋದನ್ನ ತಡೆಯೋ ಎಪಿ ತಗೊಂಡಿದ್ದು. ಆಮೇಲೆ ಗೆಸ್ಟಿಗೆ ಫೋನ್ ಸೇರ್ಸಿ ಟ್ಯಾಲಿ ಕಂಪ್ಯೂಟರಿಗೆ ಪಿಂಗ್ ಹೊಡೆದೆ (ಅಲ್ಲಿಗೆ ತಲುಪುತ್ತಾ ಅಂತ ನೋಡೋ ಕಮಾಂಡು), ಪ್ರಿಂಟರಿನ ಪೇಜ್ ತೆಗೆದು ನೋಡ್ದೆ, ಎರಡೂ ಬರ್ಲಿಲ್ಲ, ಯೂಟ್ಯೂಬ್ ಮಾತ್ರ ಬಂತು. ಈ ಪರೀಕ್ಷೆ ಮಾಡದೇ ಯಾರಿಗೂ ಪಾಸ್‌ವರ್ಡ್ ಕೊಡ್ಬೇಡಿ.

ಆಫೀಸಲ್ಲಿ ಸಿಎ ಟ್ರೈನಿಂಗ್ ಮಾಡೋ ಆರ್ಟಿಕಲ್ ಹುಡುಗರು "ಸರ್ ಇನ್ಮೇಲೆ ಟ್ಯಾಲಿನೂ ವೈಫೈಯಲ್ಲೇ ಮಾಡ್ಬಹುದಾ" ಅಂದ್ರು. ಬೇಡ ಅಂದೆ. ಶೇರ್ ಮಾಡಿದ ಫೋಲ್ಡರಲ್ಲಿ ಡೇಟಾ ತೆರೆದು ಎಂಟ್ರಿ ಹೊಡೀತಿರುವಾಗ ಒಂದು ಸೆಕೆಂಡ್ ಲಿಂಕ್ ಹೋದ್ರೂ ಡೇಟಾ ಕೆಡೋ ಭಯ ಇರುತ್ತೆ. ಎಂಟ್ರಿ ಕಂಪ್ಯೂಟರುಗಳು ಕೇಬಲ್ಲಲ್ಲೇ ಇರ್ಲಿ, ವೈಫೈ ಏನಿದ್ರೂ ಲ್ಯಾಪ್‌ಟಾಪು ಫೋನುಗಳಿಗೆ.