ಶೆಂಗೆನ್ ಮಲ್ಟಿಪಲ್ ಎಂಟ್ರಿ ವೀಸಾ: 90 ದಿನ ಎಣಿಸುವುದು ಹೇಗೆ?

ಶೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ 29 ದೇಶಗಳ ಗುಂಪು. ಐದು ವರ್ಷದ ಮಲ್ಟಿಪಲ್ ಎಂಟ್ರಿ ಶೆಂಗೆನ್ ವೀಸಾ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಿಬರಬಹುದು. ಆದರೆ ಎಷ್ಟು ದಿನ ಬೇಕಾದರೂ ಇರುವಂತಿಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ, ಅಷ್ಟೇ. ಈ 29 ದೇಶಗಳಿಗೂ ಸೇರಿ ಒಂದೇ ಲೆಕ್ಕ. ಪ್ಯಾರಿಸ್‌ನಲ್ಲಿ 50 ದಿನ ಕಳೆದವರಿಗೆ ರೋಮ್‌ನಲ್ಲಿ ಉಳಿಯುವುದು 40.

ಮೊದಲು ವೀಸಾ ಸ್ಟಿಕ್ಕರ್ ಓದಿ. ಅದರಲ್ಲಿ ಚಾಲ್ತಿಯ ಎರಡು ತಾರೀಕುಗಳಿರುತ್ತವೆ, ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆಯೇ ಇರುತ್ತದೆ. ಅಲ್ಲಿ 30 ಎಂದಿದ್ದರೆ ಎಲ್ಲ ಭೇಟಿಗಳೂ ಸೇರಿ 30, ಪ್ರತಿ ಸಲಕ್ಕೆ 30 ಅಲ್ಲ. ದಿನಗಳು ಉಳಿದಿದ್ದರೂ ಕೊನೆಯ ತಾರೀಕು ದಾಟುವಂತಿಲ್ಲ.

ಇನ್ನು ಎಣಿಕೆ. ಹೊರಗೆ ಹೋಗಿಬಂದ ಮಾತ್ರಕ್ಕೆ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ. ಅಲ್ಲಿರುವ ಪ್ರತಿ ದಿನವೂ, ಆ ದಿನವನ್ನೂ ಸೇರಿಸಿ 180 ದಿನ ಹಿಂದಕ್ಕೆ ಎಣಿಸಿ, ಆ 180 ದಿನಗಳ ಕಿಟಕಿಯೊಳಗೆ ನೀವು ಅಲ್ಲಿದ್ದ ದಿನಗಳನ್ನು ಕೂಡಿ. ಕಾಲಿಟ್ಟ ದಿನವೂ ಬಿಟ್ಟ ದಿನವೂ ಪೂರ್ತಿ ದಿನಗಳೇ.

2026ರ ಮಾರ್ಚ್ 1ರಿಂದ ಏಪ್ರಿಲ್ 30ರವರೆಗೆ ಮಗಳ ಮನೆಯಲ್ಲಿದ್ದಿರಿ ಎನ್ನೋಣ: 61 ದಿನ. ಜೂನ್ 1ಕ್ಕೆ ಮತ್ತೆ ಹೋದರೆ ಉಳಿದಿರುವುದು 29. ಜೂನ್ 29ರೊಳಗೆ ಹೊರಡಲೇಬೇಕು. ಆಮೇಲೆ ಆಗಸ್ಟ್ 27ರವರೆಗೆ ಒಂದು ದಿನಕ್ಕೂ ಅವಕಾಶವಿಲ್ಲ. 28ಕ್ಕೆ ಮಾರ್ಚ್ 1 ಕಿಟಕಿಯಿಂದ ಜಾರುತ್ತದೆ. ಅಲ್ಲಿಂದ ದಿನಕ್ಕೊಂದು ಹಳೆಯ ದಿನ ಜಾರುತ್ತಾ ಹೋಗುವುದರಿಂದ ಅಕ್ಟೋಬರ್ 27ರವರೆಗೂ ಇರಬಹುದು. ಇಷ್ಟೆಲ್ಲ ತಲೆನೋವು ಬೇಡವೆಂದರೆ ಎರಡು ಭೇಟಿಗಳ ನಡುವೆ ಸತತ 90 ದಿನ ಹೊರಗಿರಿ. ಪೂರ್ತಿ 90 ಮತ್ತೆ ಸಿಗುತ್ತದೆ. ಯುರೋಪಿಯನ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಉಚಿತ ಕ್ಯಾಲ್ಕುಲೇಟರ್ ಇದೆ, ಟಿಕೆಟ್ ಕಾಯ್ದಿರಿಸುವ ಮೊದಲೇ ತಾರೀಕು ಹಾಕಿ ನೋಡಿ.

ಎಡವುವುದು ಅಂಚಿನ ದಿನಗಳಲ್ಲಿ. ಬೆಂಗಳೂರಿನಿಂದ ರಾತ್ರಿ ಹೊರಟು ಮರುದಿನ ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ, ಲೆಕ್ಕ ಶುರುವಾಗುವುದು ಇಳಿದ ದಿನದಿಂದ. ವಾಪಸು ಬರುವಾಗ ಇಮಿಗ್ರೇಷನ್ ದಾಟುವ ಹೊತ್ತಿಗೆ ಮಧ್ಯರಾತ್ರಿ ಕಳೆದಿದ್ದರೆ ಒಂದು ದಿನ ಹೆಚ್ಚಾಯಿತು. ಹಾಗಾಗಿ 90ನೇ ದಿನಕ್ಕೆ ಟಿಕೆಟ್ ಮಾಡಲೇಬೇಡಿ, ಎರಡು ಮೂರು ದಿನ ಕೈಯಲ್ಲಿರಲಿ. ನಡುವೆ ಶೆಂಗೆನ್‌ಗೆ ಸೇರದ ಲಂಡನ್ನಿಗೋ ಡಬ್ಲಿನ್ನಿಗೋ ಹೋದರೆ, ಪೂರ್ತಿಯಾಗಿ ಅಲ್ಲೇ ಕಳೆದ ದಿನಗಳು ಈ ಲೆಕ್ಕಕ್ಕಿಲ್ಲ, ಆದರೆ ಅಲ್ಲಿಗೆ ಬೇರೆ ವೀಸಾ ಬೇಕು.

ಪಾಸ್‌ಪೋರ್ಟಿನ ಮುದ್ರೆ ಮಸುಕಾಗಿದ್ದರೆ ಗಮನಿಸುವುದಿಲ್ಲ ಎಂಬ ಭರವಸೆ ಬೇಡ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ, ಬೆರಳಚ್ಚು ಮತ್ತು ಮುಖದ ಚಿತ್ರದೊಂದಿಗೆ ಒಳಹೊರಗಿನ ದಾಖಲೆ ಕಂಪ್ಯೂಟರಿಗೇ ಹೋಗುತ್ತಿದೆ. ಅವಧಿ ಮೀರಿದರೆ ಆಯಾ ದೇಶದ ಕಾನೂನಿನಂತೆ ದಂಡ ಅಥವಾ ಪ್ರವೇಶ ನಿಷೇಧ ಬೀಳಬಹುದು. ಮುಂದಿನ ವೀಸಾ ಅರ್ಜಿಗೂ ತೊಡಕು.

ಆಸ್ಪತ್ರೆ ಸೇರಿದಂಥ ನಿಜವಾದ ತುರ್ತಿದ್ದರೆ, ದಿನ ಮುಗಿಯುವ ಮುನ್ನವೇ ವೈದ್ಯರ ಪತ್ರದೊಂದಿಗೆ ನೀವಿರುವ ದೇಶದ ವಿದೇಶಿಯರ ಕಚೇರಿಯಲ್ಲಿ ವಿಸ್ತರಣೆ ಕೇಳಿ. ಮೊಮ್ಮಗನ ಹುಟ್ಟುಹಬ್ಬ, ಅಗ್ಗದ ಟಿಕೆಟ್ ಇವೆಲ್ಲ ಅಲ್ಲಿ ಕಾರಣಗಳಲ್ಲ.