ಭಾನುವಾರದ ಸುಸ್ತು ಮಂಗಳವಾರ ಬರುತ್ತದೆ: ನಾನು ಅದನ್ನು ಹಿಡಿದ ಬಗೆ

ಬಿಡದ ಸುಸ್ತಿಗೆ ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು), ಬಿ12, ಶುಗರ್ ಎಲ್ಲ ಮಾಡಿಸಿ, ‘ನಾರ್ಮಲ್’ ಅಂತ ಕೇಳಿ ಕೇಳಿ ಸಾಕಾದವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾಡಿಸದಿದ್ದವರು ಮೊದಲು ಅದನ್ನು ಮುಗಿಸಿ ಬನ್ನಿ. ನನ್ನ ಕಾಯಿಲೆಯ ಹೆಸರು ಎಂಇ/ಸಿಎಫ್‌ಎಸ್, ಅಂದರೆ ವಿಶ್ರಾಂತಿ ತೆಗೆದುಕೊಂಡರೂ ಬಿಡದ ದೀರ್ಘಕಾಲದ ದಣಿವು.

ನಾನು ಫುಲ್ ಬಾಡಿ ಪ್ಯಾಕೇಜನ್ನೇ ಮೂರು ಸಲ ಮಾಡಿಸಿದೆ. ನಿದ್ದೆಯ ಪರೀಕ್ಷೆ ಬೇರೆ. ಟಾನಿಕ್ಕು, ಪ್ರೋಟೀನ್ ಪುಡಿ, ಜಯನಗರದಲ್ಲಿ ಆರು ತಿಂಗಳ ಜಿಮ್. ಎಲ್ಲ ಸೇರಿ ಒಂದು ಲಕ್ಷ ದಾಟಿರಬೇಕು. ಜಿಮ್ಮಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ‘ಮೈ ಬಗ್ಗಿಸಿದರೆ ಸುಸ್ತು ತಾನಾಗೇ ಹೋಗುತ್ತೆ’ ಅಂದರು ಎಲ್ಲರೂ. ಎರಡನೇ ತಿಂಗಳಿಗೆ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ. ಈ ಕಾಯಿಲೆಗೆ ವ್ಯಾಯಾಮವನ್ನು ಹಂತ ಹಂತವಾಗಿ ಏರಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಅಂತ, ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಹೇಳಿತ್ತು. ನನಗೆ ಗೊತ್ತಾದದ್ದು ಆಮೇಲೆ.

ನಾನು ಎಡವಿದ್ದು ಎಲ್ಲಿ ಅಂದರೆ, ಸುಸ್ತಾದ ದಿನ ಏನು ಮಾಡಿದೆ ಅಂತಷ್ಟೇ ನೋಡುತ್ತಿದ್ದೆ. ಭಾನುವಾರ ಲಾಲ್‌ಬಾಗಿನಲ್ಲಿ ಕೆರೆಯವರೆಗೆ ನಡೆದು, ಗಾಂಧಿ ಬಜಾರಿನಲ್ಲಿ ತರಕಾರಿ ತಂದು, ಆರಾಮಾಗಿ ಅಡುಗೆ ಮಾಡುತ್ತಿದ್ದೆ. ಮಂಗಳವಾರ ಗಂಟಲು ನೋವು, ಮೈ ನೋವು, ಕಿಟಕಿ ಬೆಳಕಿಗೆ ಕಣ್ಣು ಬಿಡಲಾಗದು. ಆಫೀಸು, ಟ್ರಾಫಿಕ್ಕು ಅಂತ ಮಂಗಳವಾರವನ್ನೇ ಬೈಯುತ್ತಿದ್ದೆ.

ಆಗ ಹಾಲಿನ ಲೆಕ್ಕದ ಪುಸ್ತಕ ತೆಗೆದುಕೊಂಡೆ. ರಾತ್ರಿ ಎರಡೇ ಸಾಲು: ಏನು ಮಾಡಿದೆ, ಮೈ ಹೇಗಿದೆ, ಹತ್ತಕ್ಕೆ ಎಷ್ಟು ಅಂಕ. ಓದುವಾಗ ಇವತ್ತಿನ ಅಂಕಿಯನ್ನು ಇವತ್ತಿನ ಕೆಲಸದ ಜೊತೆ ಓದಬಾರದು. ನಿನ್ನೆ, ಮೊನ್ನೆಯ ಕೆಲಸದ ಜೊತೆ ಓದಬೇಕು. ಮೊದಲ ಮೂರು ವಾರ ದಂಡವಾಯಿತು. ನಡೆದದ್ದು, ಮೆಟ್ಟಿಲು ಹತ್ತಿದ್ದು ಮಾತ್ರ ಬರೆದಿದ್ದೆ. ಒಂದು ಸಂಜೆ ಕೂತಲ್ಲೇ ಮೂರು ಗಂಟೆ ತಮ್ಮನ ಪಿಎಫ್ ಕಾಗದಗಳನ್ನು ತುಂಬಿಕೊಟ್ಟೆ. ಎರಡನೇ ದಿನ ಏಳಲಾಗದೆ ಮಲಗಿಬಿಟ್ಟೆ. ತಲೆಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ ಅಂತ ಆಗ ತಿಳಿಯಿತು.

ಮುಂದಿನ ಆರು ವಾರದಲ್ಲಿ ಎಂಟು ಸಲ ಮಲಗಿದೆ. ಅದರಲ್ಲಿ ಆರೋ ಏಳೋ ಸಲ ಒಂದೆರಡು ದಿನ ಮುಂಚೆ ಜಾಸ್ತಿ ಕೆಲಸ ಮಾಡಿದ್ದೆ. ಸಾಮಾನ್ಯವಾಗಿ ಇದು 12ರಿಂದ 48 ಗಂಟೆ ತಡವಾಗಿ ಬರುತ್ತದಂತೆ. ದಣಿದ ಮೇಲೆ ಹೀಗೆ ಕುಸಿಯುವುದೇ ಈ ಕಾಯಿಲೆಯ ಮುಖ್ಯ ಗುರುತು.

ಬರೀ ಅದೊಂದೇ ಸಾಲದು. ಅಮೆರಿಕದಲ್ಲಿ 2015ರಲ್ಲಿ ಹೊರಬಂದ ಮಾನದಂಡದ ಪ್ರಕಾರ, ಮುಂಚಿನಷ್ಟು ಕೆಲಸ ಮಾಡಲಾಗದೆ ಆರು ತಿಂಗಳು ದಾಟಿರಬೇಕು. ಎಷ್ಟು ನಿದ್ದೆ ಮಾಡಿದರೂ ಹಗುರಾಗಬಾರದು. ಜೊತೆಗೆ ತಲೆ ಮಂಕಾಗುವುದು ಅಥವಾ ನಿಂತರೆ ತೊಂದರೆ ಜಾಸ್ತಿಯಾಗುವುದು, ಎರಡರಲ್ಲೊಂದಾದರೂ ಇರಬೇಕು. ಮಂಕು ಅಂದರೆ ಹೀಗೆ: ಎಣ್ಣೆ ಕಾದು ಹೊಗೆ ಏಳುತ್ತಿದೆ, ಸಾಸಿವೆ ಡಬ್ಬಿ ಕೈಯಲ್ಲೇ ಇದೆ, ಮುಂದೇನು ಮಾಡಬೇಕು ಅಂತ ಹೊಳೆಯುತ್ತಿಲ್ಲ.

ನಿಲ್ಲುವುದರದ್ದೂ ಒಂದು ಪ್ರಯೋಗ ಮಾಡಿದೆ. ಮಲಗಿದ್ದಾಗ ನಾಡಿ 72ರ ಆಸುಪಾಸು. ಗೋಡೆಗೆ ಒರಗಿ ಹತ್ತು ನಿಮಿಷ ನಿಂತರೆ 105 ದಾಟುತ್ತಿತ್ತು. ನಾಡಿ 30 ಬಡಿತಕ್ಕಿಂತ ಜಾಸ್ತಿ ಏರಿ ಹಾಗೇ ಉಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಒಬ್ಬರೇ ಇದ್ದಾಗ ಮಾಡಬೇಡಿ, ತಲೆ ಸುತ್ತಿ ಬೀಳಬಹುದು. ಉಪ್ಪು ಹಾಕಿದ ಮಜ್ಜಿಗೆಯಿಂದ ನನಗೆ ಸ್ವಲ್ಪ ಗುಣ ಕಂಡಿತು. ಬಿಪಿ ಇದ್ದವರು ಕೇಳದೆ ಕುಡಿಯಬೇಡಿ.

ಕೆಟ್ಟ ದಿನದ ಹಿಂದಿನ ರಾತ್ರಿ ನನಗೊಂದು ಸೂಚನೆ ಸಿಗುತ್ತದೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಅದನ್ನೇ ಹುಡುಕುತ್ತೀರಿ, ನಿಮ್ಮದು ಬೇರೆಯೇ ಇರಬಹುದು.

‘ಬರೀತಾ ಕೂತರೆ ಇನ್ನೂ ಜಾಸ್ತಿ ಆಗುತ್ತೆ’ ಅಂದಿದ್ದರು ನಮ್ಮ ಮನೆಯವರು. ಅಕ್ಕ, ‘ಮನಸ್ಸಿಗೆ ಹಚ್ಚಿಕೊಂಡಿದ್ದೀಯ’ ಅಂದಳು. ನಾಲ್ಕನೇ ಡಾಕ್ಟರು ಆ ಪುಸ್ತಕವನ್ನು ಇಪ್ಪತ್ತು ನಿಮಿಷ ಓದಿದರು. ಇದನ್ನು ಹೇಳುವ ರಕ್ತ ಪರೀಕ್ಷೆ ಯಾವುದೂ ಇಲ್ಲ, ನಿಮ್ಮ ಪುಸ್ತಕವೇ ಹೇಳುತ್ತಿದೆ ಅಂದರು. ಪಕ್ಕದಲ್ಲೇ ಕೂತಿದ್ದ ನಮ್ಮ ಮನೆಯವರು ಪುಸ್ತಕ ಇಸಿದುಕೊಂಡು ಮೊದಲ ಪುಟದಿಂದ ಓದತೊಡಗಿದರು.

ಕಾಯಿಲೆ ಹೋಗಿಲ್ಲ. ತಿಂಗಳಿಗೆ ಐದಾರು ಸಲ ಮಲಗುತ್ತಿದ್ದವಳು ಈಗ ಒಂದೋ ಎರಡೋ ಸಲ ಮಲಗುತ್ತೇನೆ. ಹೋದ ತಿಂಗಳು ಬನಶಂಕರಿಯಲ್ಲಿ ನಾದಿನಿ ಮಗಳ ನಿಶ್ಚಿತಾರ್ಥ ಇತ್ತು. ಹಿಂದೆ ಎರಡು ದಿನ, ಮುಂದೆ ಎರಡು ದಿನ ಖಾಲಿ ಇಟ್ಟುಕೊಂಡು ಹೋದೆ. ಊಟದವರೆಗೂ ಇದ್ದೆ. ಮೂರನೇ ದಿನ ಬೆಳಿಗ್ಗೆ ಎದ್ದು ನಾನೇ ಉಪ್ಪಿಟ್ಟು ಮಾಡಿದೆ.