ಪಾಲಿಕೆ ಬಜೆಟ್‌ನಲ್ಲಿ ನಿಮ್ಮ ಓಣಿಗೂ ಒಂದು ಸಾಲು: ಸಲಹೆ ಕೊಡುವುದು ಹೇಗೆ?

ಬಳ್ಳಾರಿ ಮಹಾನಗರ ಪಾಲಿಕೆಯ ಆಯವ್ಯಯ ಅಂದರೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಊರಿನ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ. ಅದನ್ನು ಅಂತಿಮಗೊಳಿಸುವ ಮೊದಲು ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುವ ರೂಢಿ ನಮ್ಮ ರಾಜ್ಯದ ಪಾಲಿಕೆ, ನಗರಸಭೆಗಳಲ್ಲಿ ಇದೆ. ಸಭೆಗೆ ಬಂದವರು ನೀರು, ಚರಂಡಿ, ಬೀದಿದೀಪ, ಬೀದಿನಾಯಿ ಎಂದು ಹೇಳುತ್ತಾರೆ, ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ಆದರೆ ಬಾಯಿಮಾತಿನ ದೂರಿಗೆ ಬಜೆಟ್ ಪುಸ್ತಕದಲ್ಲಿ ಜಾಗವಿಲ್ಲ. ಅಲ್ಲಿ ಜಾಗ ಇರುವುದು ಲೆಕ್ಕಶೀರ್ಷಿಕೆಗೆ (ಒಂದೊಂದು ಬಗೆಯ ಖರ್ಚು ಅಥವಾ ಆದಾಯದ ಸಾಲಿನ ಹೆಸರು) ಮತ್ತು ಅದರ ಮುಂದಿನ ಮೊತ್ತಕ್ಕೆ ಮಾತ್ರ. ನಿಮ್ಮ ಬೇಡಿಕೆಯನ್ನು ಆ ಭಾಷೆಗೆ ತಂದುಕೊಟ್ಟರೆ ಅದನ್ನು ಬದಿಗಿಡುವುದು ಯಾರಿಗೂ ಸುಲಭವಲ್ಲ.

ಮೊದಲು ಕಾಲ ನೋಡಿಕೊಳ್ಳಿ

ಬಜೆಟ್ ಮಂಡನೆಯ ಸುದ್ದಿ ಓದಿದ ಮೇಲೆ ಅರ್ಜಿ ಬರೆದರೆ ತಡವಾಯಿತು. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ ಪ್ರಕಾರ ಆಯುಕ್ತರು ಅಂದಾಜು ತಯಾರಿಸಿ ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಮುಂದಿಡುತ್ತಾರೆ. ಸಮಿತಿ ಅದನ್ನು ತಿದ್ದಿ ಸಾಮಾನ್ಯ ಸಭೆಗೆ ತರುತ್ತದೆ. ಮೇಯರ್ ಎದುರು ಮಂಡನೆಯಾಗುವ ಹೊತ್ತಿಗೆ ಮುಕ್ಕಾಲು ತೀರ್ಮಾನ ಆಗಿಹೋಗಿರುತ್ತದೆ. ಹಾಗಾಗಿ ನಿಮ್ಮ ಮನವಿ ಡಿಸೆಂಬರ್ ಒಳಗೆ ಕಚೇರಿ ಸೇರಿರಲಿ. ಚುನಾಯಿತ ಮಂಡಳಿ ಇಲ್ಲದ ವರ್ಷದಲ್ಲಿ ಆಡಳಿತಾಧಿಕಾರಿಯೇ ಒಪ್ಪಿಗೆ ಕೊಡುತ್ತಾರೆ. ಆಗ ನಿಮ್ಮ ಪರ ಸಭೆಯಲ್ಲಿ ಮಾತಾಡಲು ಸದಸ್ಯರೂ ಇರುವುದಿಲ್ಲ, ಬರಹದ ಮನವಿಗೆ ಇನ್ನೂ ತೂಕ ಹೆಚ್ಚು.

ಹಳೆಯ ಬಜೆಟ್ ಪುಸ್ತಕ ತೆರೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಪಾಲಿಕೆಯ ಜಾಲತಾಣದಲ್ಲಿ ಹುಡುಕಿ, ಇಲ್ಲವೇ ಲೆಕ್ಕಪತ್ರ ಶಾಖೆಯಲ್ಲಿ ಕೇಳಿ. ಎರಡೂ ಕಡೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಈ 30 ದಿನವನ್ನು ಲೆಕ್ಕಕ್ಕೆ ಹಿಡಿದರೆ ನವೆಂಬರ್ ಆರಂಭದಲ್ಲೇ ಅರ್ಜಿ ಹೋಗಬೇಕು.

ಪುಸ್ತಕ ಕೈಗೆ ಬಂದಾಗ ಒಟ್ಟು ಕೋಟಿ ಎಷ್ಟು, ಉಳಿತಾಯ ಎಷ್ಟು ಎಂದು ನೋಡುವ ಅವಸರ ಬೇಡ. ಒಂದೊಂದು ಸಾಲಿನ ಮುಂದೆ ಸಾಮಾನ್ಯವಾಗಿ ಹಿಂದಿನ ವರ್ಷದ ವಾಸ್ತವ ಖರ್ಚು, ಈ ವರ್ಷದ ಅಂದಾಜು ಅಥವಾ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಅಂದಾಜಿನ ಅಂಕಣ ಹೇಳುವುದು ಆಸೆ, ವಾಸ್ತವದ ಅಂಕಣ ಹೇಳುವುದು ನಡೆದ ಸಂಗತಿ. ಚರಂಡಿ ಹೂಳೆತ್ತಲು 1 ಕೋಟಿ ಇಟ್ಟು 35 ಲಕ್ಷ ಮಾತ್ರ ಖರ್ಚಾಗಿದೆ ಎಂದು ಇಟ್ಟುಕೊಳ್ಳಿ (ಇದು ತಿಳಿಯಲೆಂದು ಕೊಟ್ಟ ಲೆಕ್ಕ). ಆಗ ನೀವು ಹೆಚ್ಚು ದುಡ್ಡು ಕೇಳಬೇಕಾಗಿಲ್ಲ. ಇಟ್ಟ ದುಡ್ಡು ಯಾಕೆ ಖರ್ಚಾಗಲಿಲ್ಲ, ಟೆಂಡರ್ ಕರೆಯಲಿಲ್ಲವೇ, ಗುತ್ತಿಗೆದಾರರು ಬರಲಿಲ್ಲವೇ ಎಂದು ಕೇಳಬೇಕು. ದುಡ್ಡೇ ಇಲ್ಲ ಎಂಬ ಉತ್ತರ ಆಗ ನಿಲ್ಲುವುದಿಲ್ಲ. ಹೀಗೆ ನಿಮಗೆ ಬೇಕಾದ ನಾಲ್ಕೈದು ಸಾಲುಗಳನ್ನಷ್ಟೇ ಮೂರು ವರ್ಷದ ಪುಸ್ತಕಗಳಲ್ಲಿ ಹೋಲಿಸಿ ಬರೆದಿಟ್ಟುಕೊಳ್ಳಿ. ಒಂದು ಸಂಜೆಯ ಕೆಲಸ.

ಆದಾಯದ ಪುಟಗಳನ್ನೂ ನೋಡಿ. ಆಸ್ತಿ ತೆರಿಗೆ, ನೀರಿನ ಕರ, ವ್ಯಾಪಾರ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ ಇವು ಪಾಲಿಕೆಯ ಸ್ವಂತ ಗಳಿಕೆ. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಪಾಲಿಕೆಯದಲ್ಲ, ಸಂಬಂಧಪಟ್ಟ ಇಲಾಖೆಗೆ ದಾಟಿಸಬೇಕಾದದ್ದು. ಮಳಿಗೆ ಬಾಡಿಗೆ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದನ್ನು ಎತ್ತಿ ತೋರಿಸುವುದೂ ಸಲಹೆಯೇ. ಖರ್ಚು ಕೇಳುವವರು ನೂರು ಜನ, ಆದಾಯ ತೋರಿಸುವವರು ವಿರಳ. ಅಂಥವರ ಮಾತನ್ನು ಲೆಕ್ಕಾಧಿಕಾರಿ ಕುರ್ಚಿ ಕೊಟ್ಟು ಕೇಳುತ್ತಾರೆ.

ಯಾವ ದುಡ್ಡು ಯಾವುದಕ್ಕೆ

ಬಂದ ಹಣವನ್ನೆಲ್ಲ ಬೇಕಾದಲ್ಲಿಗೆ ತಿರುಗಿಸಲು ಪಾಲಿಕೆಗೆ ಬರುವುದಿಲ್ಲ. ಕೇಂದ್ರದ 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ 60ರಷ್ಟು ಮೊದಲೇ ಕಟ್ಟಿಟ್ಟದ್ದಾಗಿತ್ತು: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ, ಇನ್ನರ್ಧ ನೈರ್ಮಲ್ಯ, ಕಸ ವಿಲೇವಾರಿಗೆ. ಹಾಗೆ ಕಟ್ಟಿಟ್ಟ ದುಡ್ಡಿನಲ್ಲಿ ರಸ್ತೆ ಕೇಳಿದರೆ ಸಿಗದು, ನಳದ ಪೈಪ್ ಕೇಳಬಹುದು. ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಮನೆಯಲ್ಲಿ ಅಂಗವಿಕಲರಿದ್ದರೆ, ಈ ವರ್ಗಗಳಿಗೆ ಸೇರಿದ ಕಾಲೇಜು ಓದುವ ಮಕ್ಕಳಿದ್ದರೆ ಈ ಪುಟಗಳನ್ನು ತಪ್ಪದೆ ಓದಿ. ಇಲ್ಲಿನ ಹಣ ಖರ್ಚಾಗದೆ ಉಳಿದರೆ ಅದು ಬರಿಯ ಆಡಳಿತದ ವಿಳಂಬವಲ್ಲ, ಒಂದು ಮನೆಗೆ ಸಿಗಬೇಕಾದ್ದು ಸಿಗದೇ ಹೋದದ್ದು.

ಬಳ್ಳಾರಿಯಲ್ಲಿ ಇನ್ನೊಂದು ಗೊಂದಲವಿದೆ. ದೊಡ್ಡ ಕಾಮಗಾರಿಗಳಲ್ಲಿ ಹಲವು ಜಿಲ್ಲಾ ಖನಿಜ ನಿಧಿಯಿಂದಲೋ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದಲೋ ನಡೆಯುತ್ತವೆ. ಇವು ಪಾಲಿಕೆಯ ಕೈಯಲ್ಲಿಲ್ಲ. ಅಂಥ ಬೇಡಿಕೆ ಜಿಲ್ಲಾಧಿಕಾರಿ ಕಚೇರಿಗೆ, ಶಾಸಕರಿಗೆ ಹೋಗಬೇಕು. ತುಂಗಭದ್ರಾ ನೀರು ತುಂಬುವ ಅಲ್ಲೀಪುರ ಕೆರೆಯ ದೊಡ್ಡ ಯೋಜನೆ ಅಲ್ಲಿಯ ಮಾತು. ನಿಮ್ಮ ಓಣಿಯ ವಾಲ್ವ್ ದುರಸ್ತಿ ಪಾಲಿಕೆಯ ಮಾತು.

ಮನವಿ ಬರೆಯುವ ಬಗೆ

ಒಂದು ಹಾಳೆ, ಒಂದು ಬೇಡಿಕೆ. ಹತ್ತು ಬೇಡಿಕೆ ಇದ್ದರೆ ಹತ್ತು ಹಾಳೆ, ಯಾಕೆಂದರೆ ಒಂದೊಂದೂ ಒಂದೊಂದು ಶಾಖೆಗೆ ಹೋಗುತ್ತದೆ. ‘ನಮ್ಮ ವಾರ್ಡ್ ಅಭಿವೃದ್ಧಿ ಮಾಡಿ’ ಎಂದು ಬರೆದರೆ ಯಾವ ಶಾಖೆಗೂ ಹೋಗದು. ಹೀಗೆ ಬರೆಯಿರಿ:

‘ಕೌಲ್ ಬಜಾರ್, ವಾರ್ಡ್ ಸಂಖ್ಯೆ ಇಂತಿಷ್ಟು. ಶಾಲೆಯ ಗೇಟಿನಿಂದ ಮುಖ್ಯರಸ್ತೆಯವರೆಗೆ ಸುಮಾರು 150 ಮೀಟರ್ ಚರಂಡಿ ಒಡೆದಿದೆ. ಮಳೆ ಬಂದಾಗ ಸುಮಾರು 40 ಮನೆಗಳ ಮುಂದೆ ಕೊಳಚೆ ನಿಲ್ಲುತ್ತದೆ. ಚರಂಡಿ ನಿರ್ಮಾಣದ ಲೆಕ್ಕಶೀರ್ಷಿಕೆಯಲ್ಲಿ ಮುಂದಿನ ಸಾಲಿಗೆ ಈ ಕಾಮಗಾರಿ ಸೇರಿಸಲು ಕೋರುತ್ತೇವೆ. ಹಿಂದಿನ ಸಾಲಿನಲ್ಲಿ ಇದೇ ಶೀರ್ಷಿಕೆಯಲ್ಲಿ ಇಷ್ಟು ಹಣ ಉಳಿದಿದೆ.’

ಫೋಟೊ ಲಗತ್ತಿಸಿ. ಓಣಿಯವರ ಸಹಿ ಹಾಕಿಸಿ, ಹೆಣ್ಣುಮಕ್ಕಳ ಸಹಿ ಬಿಡಬೇಡಿ. ನಳದಲ್ಲಿ ನೀರು ಬಿಡುವ ದಿನ ಎದ್ದು ಕಾಯುವವರು ಅವರೇ. ಮೊತ್ತವನ್ನು ನೀವೇ ಊಹಿಸಿ ಬರೆಯುವುದು ಬೇಡ. ವಾರ್ಡಿನ ಕಿರಿಯ ಎಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಮಾಡಲಿ ಎಂದು ಕೇಳಿ.

ಮೂರ್ನಾಲ್ಕು ಪ್ರತಿ ಮಾಡಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ಕ್ರಮಸಂಖ್ಯೆ) ಹಾಕಿಸಿಕೊಳ್ಳಿ. ಆಯುಕ್ತರ ಕೈಗೇ ಕೊಟ್ಟೆ ಎಂಬ ಸಮಾಧಾನಕ್ಕಿಂತ ಆ ಸಂಖ್ಯೆ ದೊಡ್ಡದು. ಮೂರನೆಯ ಪ್ರತಿ ವಾರ್ಡ್ ಸದಸ್ಯರಿಗೆ. ವಾರ್ಡ್ ಸಮಿತಿ ಇದ್ದರೆ ಅಲ್ಲಿಗೂ ಕೊಡಿ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ: 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿದೆ, ಬಳ್ಳಾರಿ 2011ರ ಗಣತಿಯಲ್ಲೇ 4 ಲಕ್ಷ ದಾಟಿತ್ತು. ಕೊಪ್ಪಳದಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ ಅನ್ವಯವಾಗುತ್ತದೆ. ಅಲ್ಲಿ ಆಯುಕ್ತರ ಬದಲು ಪೌರಾಯುಕ್ತರಿಗೆ ಬರೆಯಿರಿ. ಉಳಿದದ್ದೆಲ್ಲ ಹೀಗೆಯೇ.

ಪೂರ್ವಭಾವಿ ಸಭೆಗೆ ಹೋದಾಗ ಆವಕ ಸಂಖ್ಯೆ ಹೇಳಿಯೇ ಮಾತು ಶುರು ಮಾಡಿ. ಎರಡು ನಿಮಿಷ ಸಾಕು. ನಿಮ್ಮ ಸಲಹೆ ನಡಾವಳಿಯಲ್ಲಿ ದಾಖಲಾಗಲಿ ಎಂದು ಕೇಳಿಕೊಳ್ಳಿ.

ಮಂಡನೆಯಾದ ಮೇಲೆ

ಏಪ್ರಿಲ್‌ನಲ್ಲಿ ಹೊಸ ಪುಸ್ತಕದಲ್ಲಿ ನಿಮ್ಮ ಶೀರ್ಷಿಕೆಯ ಮೊತ್ತ ನೋಡಿ. ಮೊತ್ತ ಇದ್ದರೂ ಓಣಿಯ ಹೆಸರು ಅಲ್ಲಿ ಇರಲಿಕ್ಕಿಲ್ಲ, ಅದು ಬರುವುದು ಯಾವ ಕಾಮಗಾರಿ ಎಲ್ಲಿ ಎಂದು ಪಟ್ಟಿ ಮಾಡುವ ಕ್ರಿಯಾಯೋಜನೆಯಲ್ಲಿ. ಕ್ರಿಯಾಯೋಜನೆ ತಯಾರಾಗುವ ತಿಂಗಳುಗಳಲ್ಲಿ ಹಳೆಯ ಆವಕ ಸಂಖ್ಯೆ ಉಲ್ಲೇಖಿಸಿ ಮತ್ತೊಂದು ಪತ್ರ ಕೊಡಿ, ಲಿಖಿತ ಹಿಂಬರಹ (ಕಚೇರಿಯ ಉತ್ತರ) ಕೇಳಿ. ಕಾಮಗಾರಿ ಒಪ್ಪಿಗೆಯಾದರೆ ಅಂದಾಜು ಪಟ್ಟಿಯ ಪ್ರತಿ ಪಡೆದುಕೊಳ್ಳಿ. ಚರಂಡಿ ಎಷ್ಟು ಉದ್ದ, ಎಷ್ಟು ಆಳ, ಕಾಂಕ್ರೀಟ್ ಎಷ್ಟು ದಪ್ಪ ಎಂಬುದು ಅದರಲ್ಲಿ ಇರುತ್ತದೆ. ಕೆಲಸ ನಡೆಯುವ ದಿನ ಆ ಹಾಳೆಯನ್ನೂ ಒಂದು ಅಳತೆ ಟೇಪನ್ನೂ ಹಿಡಿದು ಓಣಿಯ ಇಬ್ಬರು ಸ್ಥಳದಲ್ಲಿರಲಿ.